ಅಂತರ್ಜಾಲಕ್ಕೂ ಬೇಡ ಮಧ್ಯವರ್ತಿ

(ನಮ್ಮ ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

  ಹಿಂದೆ ಗೋಡೆಗೆ ಒರಗಿ ತರುಣರು ಮೊಬೈಲ್ ನೋಡುತ್ತಿದ್ದಾರೆ. ಆ ತರುಣರನ್ನು ನಾನು ಗದರಿಸಲು ಬಂದಿಲ್ಲ. ಇವತ್ತಿನ ವಿಷಯ ಅವರ ಕೈಯಲ್ಲಿರುವ ಮೊಬೈಲಿನದೇ.

ನಾನು ವಿದ್ವಾಂಸನಲ್ಲ. ಮೂವತ್ತೈದು ವರ್ಷ ದೂರವಾಣಿ ಇಲಾಖೆಯಲ್ಲಿ ತಂತಿ, ಕಂಬ, ಎಕ್ಸ್‌ಚೇಂಜು ಎಂದು ದುಡಿದವನು. ಅದು ನನ್ನ ಕಾಯಕ. "ಮಾತು ಸಾಗಿಸುವ ಕಾಯಕ ಮಾಡಿದವರು ನೀವು, ನೆಟ್ ನ್ಯೂಟ್ರಾಲಿಟಿ ಅಂತಾರಲ್ಲ, ಅದನ್ನು ನಮಗೆ ತಿಳಿಯುವ ಹಾಗೆ ಹೇಳಿ. ರಾಜಕಾರಣಿಗಳು ಅದರ ಬಗ್ಗೆ ಏನು ಹೇಳಿದ್ದಾರೆ ಎನ್ನುವುದನ್ನೂ ಹೇಳಿ" ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಅಷ್ಟನ್ನು ಮಾಡಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಹಳೆಯ ಕಥೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಎಕ್ಸ್‌ಚೇಂಜಿನಲ್ಲಿ ಸ್ಟ್ರೌಜರ್ ಎಂಬ ಯಂತ್ರ ಇತ್ತು. ನೀವು ನಂಬರ್ ತಿರುಗಿಸಿದರೆ ಅದು ಟಕಟಕ ಸದ್ದು ಮಾಡುತ್ತ ತಾನೇ ಲೈನು ಜೋಡಿಸುತ್ತಿತ್ತು. ಅದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೌಜರ್ ಎಂಜಿನಿಯರ್ ಆಗಿರಲಿಲ್ಲ. ಅಮೆರಿಕದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಕಾಯಕದವನು. ಆಗ ಕರೆ ಮಾಡಬೇಕಾದರೆ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರ್ ಜೋಡಿಸಬೇಕಿತ್ತು. ಆ ಊರಿನ ಆಪರೇಟರ್ ಇನ್ನೊಬ್ಬ ಶವಸಂಸ್ಕಾರದವನ ಹೆಂಡತಿ, ಸ್ಟ್ರೌಜರನನ್ನು ಕೇಳಿ ಬಂದ ಕರೆಗಳನ್ನು ತನ್ನ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಳು ಎಂದು ಕಥೆ ಹೇಳುತ್ತಾರೆ. ಸಿಟ್ಟಿಗೆದ್ದ ಸ್ಟ್ರೌಜರ್ ಆಪರೇಟರೇ ಬೇಕಿಲ್ಲದ ಯಂತ್ರ ಮಾಡಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆಪರೇಟರಳ ಕಥೆ ಎಷ್ಟು ನಿಜವೋ ಬಿಡಿ, ನಮಗೆ ತರಬೇತಿಯಲ್ಲಿ ಅದನ್ನು ಹೇಳುತ್ತಿದ್ದರು. ಯಾಕೆ ಹೇಳುತ್ತಿದ್ದರು? ಲೈನು ಜೋಡಿಸುವವನ ಕೈಯಲ್ಲಿ ಎಂಥ ಅಧಿಕಾರ ಇದೆ ಎಂದು ನಮಗೆ ಗೊತ್ತಿರಲಿ ಎಂದು.

ನೆಟ್ ನ್ಯೂಟ್ರಾಲಿಟಿ ಎಂದರೆ ಇಷ್ಟೇ. ಲೈನು ಜೋಡಿಸುವವನು ಲೈನು ಮಾತ್ರ ಜೋಡಿಸಬೇಕು. ನೀವು ಯಾವ ಅಂಗಡಿಗೆ ಹೋಗಬೇಕು ಎಂದು ಅವನು ತೀರ್ಮಾನ ಮಾಡಬಾರದು. ನಿಮಗೆ ಇಂಟರ್ನೆಟ್ ಕೊಡುವ ಕಂಪನಿ ಒಂದು ಜಾಲತಾಣವನ್ನು ಬೇಗ ತೆರೆದು, ಇನ್ನೊಂದನ್ನು ಬೇಕೆಂದೇ ನಿಧಾನ ಮಾಡಬಾರದು. ಒಂದನ್ನು ಬಿಟ್ಟಿ ಕೊಟ್ಟು ಇನ್ನೊಂದಕ್ಕೆ ದುಡ್ಡು ಕೀಳಬಾರದು. ತನಗೆ ಆಗದವರದ್ದನ್ನು ತಡೆಯಬಾರದು. ಟಿಮ್ ವೂ ಎಂಬ ಕಾನೂನು ಪ್ರಾಧ್ಯಾಪಕರು 2003ರಲ್ಲಿ ಈ ತತ್ವಕ್ಕೆ ಆ ಹೆಸರು ಕೊಟ್ಟರು. 2010ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶ ಇದನ್ನು ಕಾನೂನು ಮಾಡಿತು. ಕನ್ನಡದಲ್ಲಿ 'ಅಂತರ್ಜಾಲ ತಟಸ್ಥತೆ' ಎನ್ನುತ್ತಾರೆ. ತಟಸ್ಥ ಎಂದರೆ ದಡದಲ್ಲಿ ನಿಂತವನು. ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ದಡದಲ್ಲಿ ಸುಮ್ಮನೆ ನಿಂತವನಿಂದ ಯಾರಿಗೆ ಉಪಯೋಗ? ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಂಬಿಗರ ಚೌಡಯ್ಯನವರ ಕಾಯಕ ನೆನಪಿಸಿಕೊಳ್ಳಿ. ಅಂಬಿಗ ದೋಣಿಯ ಬಾಡಿಗೆ ತೆಗೆದುಕೊಳ್ಳುತ್ತಾನೆ, ಅದು ಅವನ ನ್ಯಾಯವಾದ ದುಡಿಮೆ. ಆದರೆ ಆಚೆ ದಡದಲ್ಲಿ ನೀನು ಯಾರ ಮನೆಗೆ ಹೋಗುತ್ತೀ, ನನ್ನ ಭಾವನ ಅಂಗಡಿಗೆ ಹೋಗುವುದಾದರೆ ಬಿಟ್ಟಿ, ಇನ್ನೊಬ್ಬನ ಅಂಗಡಿಗಾದರೆ ಎರಡು ಪಟ್ಟು ಎಂದು ಕೇಳುವುದಿಲ್ಲ. ಕೇಳಿದರೆ ಅದು ಅಂಬಿಗನ ಕಾಯಕ ಆಗುವುದಿಲ್ಲ, ದಾರಿ ಕಾಯುವವನ ಸುಲಿಗೆ ಆಗುತ್ತದೆ.

ಇಲ್ಲಿ ಒಂದು ಅನುಮಾನ ಬರಬಹುದು. "ಹೆಚ್ಚು ದುಡ್ಡು ಕೊಟ್ಟವರಿಗೆ ಈಗಲೂ ಹೆಚ್ಚು ಸ್ಪೀಡ್ ಸಿಗುತ್ತದಲ್ಲ?" ಸಿಗುತ್ತದೆ. ಹಿರಿಯರಿಗೆ ಟ್ರಂಕ್ ಕಾಲ್ ನೆನಪಿರಬೇಕು. ಸಾಧಾರಣ ಕರೆ, ಅರ್ಜೆಂಟ್ ಕರೆ, ಲೈಟ್ನಿಂಗ್ ಕರೆ ಎಂದು ಮೂರು ದರ. ಅರ್ಜೆಂಟ್ ಎಂದರೆ ಎರಡು ಪಟ್ಟು, ಲೈಟ್ನಿಂಗ್ ಎಂದರೆ ಎಂಟು ಪಟ್ಟು. ಆದರೆ ಆ ದರಪಟ್ಟಿ ಎಲ್ಲರಿಗೂ ಒಂದೇ ಆಗಿತ್ತು. ನೀವು ಹುಬ್ಬಳ್ಳಿಯಲ್ಲಿ ಸಾಹುಕಾರನಿಗೆ ಮಾತಾಡಿ, ಸಮಗಾರನಿಗೆ ಮಾತಾಡಿ, ದರ ಬದಲಾಗುತ್ತಿರಲಿಲ್ಲ. ಹಾಗೆಯೇ ಇಂದು ನೀವು ದೊಡ್ಡ ಪ್ಲಾನ್ ಹಾಕಿಸಿಕೊಂಡು ಹೆಚ್ಚು ವೇಗ ಪಡೆದರೆ ತಪ್ಪಿಲ್ಲ. ಆ ವೇಗ ನೀವು ನೋಡುವ ಎಲ್ಲ ತಾಣಗಳಿಗೂ ಸಮನಾಗಿ ಸಿಗಬೇಕು, ಅಷ್ಟೇ.

ನಮ್ಮ ಈ ಪತ್ರಿಕೆಯನ್ನೇ ತೆಗೆದುಕೊಳ್ಳಿ. ನೋಂದಣಿಯಾದ ಪತ್ರಿಕೆಗಳಿಗೆ ಅಂಚೆ ಇಲಾಖೆ ರಿಯಾಯಿತಿ ದರ ಕೊಡುತ್ತದೆ. ಆ ದರ ತೂಕವನ್ನು ನೋಡುತ್ತದೆ, ಮಾಲೀಕನ ಮುಖವನ್ನಲ್ಲ. ಲಕ್ಷಗಟ್ಟಲೆ ಪ್ರತಿ ಮಾರುವ ಪತ್ರಿಕೆಗೂ ಮಠದಿಂದ ಹೊರಡುವ ಸಣ್ಣ ಪತ್ರಿಕೆಗೂ ಒಂದೇ ನಿಯಮ. ಪೋಸ್ಟ್‌ಮ್ಯಾನ್ ನಮ್ಮ ಪತ್ರಿಕೆಯನ್ನು ಬಿಚ್ಚಿ ಓದಿ, "ಇವರು ಜಾತಿ ಬೇಡ ಅಂತಾರೆ, ಪಂಚಾಂಗ ಬೇಡ ಅಂತಾರೆ, ಇದನ್ನು ಮುಂದಿನ ವಾರ ಕೊಟ್ಟರಾಯಿತು" ಎಂದರೆ ನಾವು ಸುಮ್ಮನಿರುತ್ತೇವೆಯೇ?

ಈಗ ನಮ್ಮ ದೇಶದಲ್ಲಿ ಏನಾಯಿತು ಎಂದು ಹೇಳುತ್ತೇನೆ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿ, ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ವಿಧಿಸುವುದಾಗಿ ಹೇಳಿತು. ಜನ ವಿರೋಧಿಸಿದ್ದರಿಂದ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನೂರಕ್ಕೂ ಹೆಚ್ಚು ಪುಟಗಳ ಒಂದು ಸಮಾಲೋಚನಾ ಪತ್ರ ಹೊರಡಿಸಿ ಇಪ್ಪತ್ತು ಪ್ರಶ್ನೆಗಳಿಗೆ ಸಾರ್ವಜನಿಕರ ಉತ್ತರ ಕೇಳಿತು. ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ನನ್ನಂಥವನಿಗೇ ಕಷ್ಟ. ಕೆಲವು ಕಾರ್ಯಕರ್ತರು, ಅವರಲ್ಲಿ ಬೆಂಗಳೂರಿನ ತರುಣ ತರುಣಿಯರೂ ಇದ್ದರು, ಅದನ್ನು ಸರಳಗೊಳಿಸಿ, ಉತ್ತರಗಳನ್ನು ಸಿದ್ಧಪಡಿಸಿ ಜನರಿಗೆ ಕೊಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್‌ಗೆ ಹೋದವು. ಅದೇ ಏಪ್ರಿಲ್‌ನಲ್ಲಿ ಏರ್‌ಟೆಲ್ ಜೀರೋ ಎಂಬ ಯೋಜನೆ ಬಂತು. ಕಂಪನಿಗಳು ದುಡ್ಡು ಕಟ್ಟಿದರೆ ಅವರ ಆ್ಯಪ್ ಗ್ರಾಹಕರಿಗೆ ಬಿಟ್ಟಿ. ಅದರ ಜೊತೆ ಮಾತುಕತೆಯಲ್ಲಿದ್ದ ಫ್ಲಿಪ್‌ಕಾರ್ಟ್, ಜನರ ಸಿಟ್ಟು ನೋಡಿ ಹಿಂದೆ ಸರಿಯಿತು.

ಆಮೇಲೆ ಬಂದದ್ದು ಫ್ರೀ ಬೇಸಿಕ್ಸ್. ಫೇಸ್‌ಬುಕ್ ಕಂಪನಿ 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಇಂಟರ್ನೆಟ್ ಡಾಟ್ ಆರ್ಗ್ ಎಂಬ ಹೆಸರಿನಲ್ಲಿ ಇದನ್ನು ಭಾರತಕ್ಕೆ ತಂದಿತು. ಬಡವರಿಗೆ ಮೂವತ್ತಕ್ಕೂ ಹೆಚ್ಚು ತಾಣಗಳು ಬಿಟ್ಟಿ. ಉಳಿದದ್ದಕ್ಕೆ ದುಡ್ಡು. ವರ್ಷದ ಕೊನೆಯಲ್ಲಿ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು, ರಸ್ತೆಯಲ್ಲಿ ದೊಡ್ಡ ಫಲಕಗಳು. ಫೇಸ್‌ಬುಕ್ ತೆರೆದರೆ ಫ್ರೀ ಬೇಸಿಕ್ಸ್ ಬೇಕೆಂದು ಟ್ರಾಯ್‌ಗೆ ಪತ್ರ ಕಳಿಸುವ ಗುಂಡಿ.

ನಾನೂ ಆ ಗುಂಡಿ ಒತ್ತಿದೆ. ನಿಮ್ಮ ಮುಂದೆ ಮುಚ್ಚಿಡುವುದು ಏನಿದೆ? ಬಡವರಿಗೆ ಬಿಟ್ಟಿ ಸಿಗುತ್ತದೆ ಎಂದರೆ ಬೇಡ ಎನ್ನಲು ನಾನ್ಯಾರು ಎಂದುಕೊಂಡೆ. ರಾತ್ರಿ ಊಟಕ್ಕೆ ಕುಳಿತಾಗ ಮಗಳಿಗೆ ಹೆಮ್ಮೆಯಿಂದ ಹೇಳಿದೆ. "ಅಪ್ಪಾ, ಪೂರ್ತಿ ಓದಿ ಒತ್ತಿದ್ರೇನು?" ಎಂದು ಕೇಳಿದಳು. ಇಲ್ಲ ಎಂದೆ. "ಆ ಪಟ್ಟಿಯೊಳಗ ಯಾವ ಸೈಟ್ ಇರಬೇಕಂತ ಯಾರು ಹೇಳ್ತಾರ? ನಿಮ್ಮ ವಚನದ ಸೈಟ್ ಅದರೊಳಗ ಐತೇನು ನೋಡ್ರಿ" ಎಂದಳು.

ಅವಳು ಹೇಳಿದ್ದು 'ವಚನ ಸಂಚಯ'ದ ಮಾತು. ಕೆಲವು ಸಾಹಿತಿಗಳು, ಕೆಲವು ತಂತ್ರಜ್ಞರು ಸೇರಿ ಸಾವಿರಾರು ವಚನಗಳನ್ನು ಜಾಲದಲ್ಲಿ ಹುಡುಕಿ ಓದುವಂತೆ ಮಾಡಿದ್ದಾರೆ. ನಾನು ದಿನಾ ಬೆಳಿಗ್ಗೆ ಅದನ್ನು ನೋಡುತ್ತಿದ್ದೆ. ಬಿಟ್ಟಿ ಪಟ್ಟಿಯಲ್ಲಿ ಸೇರಬೇಕಾದರೆ ಫೇಸ್‌ಬುಕ್ ಹಾಕಿದ ತಾಂತ್ರಿಕ ಷರತ್ತುಗಳಿಗೆ ಒಪ್ಪಿ, ಅವರಿಗೆ ಅರ್ಜಿ ಹಾಕಿ, ಅವರು ಒಪ್ಪಿದ ಮೇಲೆ ಅವರ ಸರ್ವರ್ ಮೂಲಕವೇ ಓದುಗರ ಬಳಿ ಹೋಗಬೇಕಿತ್ತು. ಅಂದರೆ ಒಬ್ಬ ಬಡ ವಿದ್ಯಾರ್ಥಿ ಅಕ್ಕಮಹಾದೇವಿಯನ್ನು ಓದಬೇಕಾದರೆ ಅಮೆರಿಕದ ಒಂದು ಕಂಪನಿಯ ಅಂಗಳದಲ್ಲಿ ಹಾದು ಹೋಗಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ನನ್ನದೇ. ಓದದೆ ಒತ್ತಿದ್ದೆ. ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಟ್ರಾಯ್ ಕೇಳಿದ ಪ್ರಶ್ನೆಗಳಿಗೆ ನನ್ನ ಮಾತಿನಲ್ಲಿ ಉತ್ತರ ಬರೆದು ಇನ್ನೊಂದು ಪತ್ರ ಕಳಿಸಿದೆ.

ಶರಣರು ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸ ಮಾಡಿದ್ದು ಯಾಕೆ ಎಂದು ನನಗೆ ಆವಾಗ ಸರಿಯಾಗಿ ತಿಳಿಯಿತು. ದಾನದಲ್ಲಿ ಕೊಡುವವನು ಮೇಲಿರುತ್ತಾನೆ, ತೆಗೆದುಕೊಳ್ಳುವವನು ಕೆಳಗೆ ಕೈಯೊಡ್ಡುತ್ತಾನೆ. ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ತೀರ್ಮಾನಿಸುವವನು ದಾನಿ. ದಾಸೋಹದಲ್ಲಿ ಕೊಡುವವನೇ ದಾಸ. ಪಂಕ್ತಿಯಲ್ಲಿ ಕುಳಿತವರೆಲ್ಲ ಸಮಾನರು. ಬಡವನಿಗೆ ಒಂದು ಅಡುಗೆ, ಉಳ್ಳವನಿಗೆ ಒಂದು ಅಡುಗೆ ಎಂದರೆ ಅದು ದಾಸೋಹವಲ್ಲ. ಉಳ್ಳವರಿಗೆ ಇಡೀ ಇಂಟರ್ನೆಟ್, ಬಡವರಿಗೆ ಆರಿಸಿಟ್ಟ ನಾಲ್ಕು ತುಣುಕು ಎನ್ನುವುದು ದಾನದ ಅಹಂಕಾರ.

ಟ್ರಾಯ್ 2016ರ ಫೆಬ್ರವರಿ 8ರಂದು ಆದೇಶ ಹೊರಡಿಸಿತು. ಯಾವ ತಾಣ, ಯಾವ ಆ್ಯಪ್ ಎಂದು ನೋಡಿ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಹಾಕಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ತುರ್ತು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಮೂರೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು. ಇದು ಬರೀ ದರದ ಮಾತಾಯಿತು. ವೇಗ ತಗ್ಗಿಸುವುದು, ತಡೆಯುವುದು ಇವುಗಳ ಬಗ್ಗೆ ಟ್ರಾಯ್ 2017ರ ನವೆಂಬರಿನಲ್ಲಿ ಶಿಫಾರಸು ಮಾಡಿತು. ಸರ್ಕಾರ 2018ರ ಜುಲೈನಲ್ಲಿ ಅದನ್ನು ಒಪ್ಪಿತು, ಆಮೇಲೆ ಕಂಪನಿಗಳ ಲೈಸೆನ್ಸಿನಲ್ಲೇ ಷರತ್ತಾಗಿ ಸೇರಿಸಿತು.

ಇನ್ನು ನಾಯಕರು ಎಲ್ಲಿ ನಿಂತರು ಎನ್ನುವ ಪ್ರಶ್ನೆ. ನಾನು ಯಾವ ಪಕ್ಷದವನೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ.

2015ರ ಏಪ್ರಿಲ್ 22ರಂದು ಆಗ ವಿರೋಧ ಪಕ್ಷದಲ್ಲಿದ್ದ ರಾಹುಲ್ ಗಾಂಧಿಯವರು ಲೋಕಸಭೆಯಲ್ಲಿ ಈ ವಿಷಯ ಎತ್ತಿದರು. ಸರ್ಕಾರ ಇಂಟರ್ನೆಟ್ಟನ್ನು ದೊಡ್ಡ ಉದ್ಯಮಿಗಳ ಕೈಗೆ ಕೊಡಲು ಹೊರಟಿದೆ ಎಂದು ಆರೋಪಿಸಿದರು, ಕಾನೂನು ಮಾಡಿ ಎಂದು ಒತ್ತಾಯಿಸಿದರು. ಆಗಿನ ಸಂಪರ್ಕ ಸಚಿವ ರವಿಶಂಕರ್ ಪ್ರಸಾದ್ ಅವರು ನಮ್ಮದು ಉದ್ಯಮಿಗಳ ಒತ್ತಡಕ್ಕೆ ಬಗ್ಗುವ ಸರ್ಕಾರವಲ್ಲ, ಭೇದವಿಲ್ಲದ ಇಂಟರ್ನೆಟ್ ಎಲ್ಲರಿಗೂ ಸಿಗಬೇಕು ಎನ್ನುವುದೇ ನಮ್ಮ ನಿಲುವು ಎಂದು ಉತ್ತರಿಸಿದರು. ಅರವಿಂದ್ ಕೇಜ್ರಿವಾಲ್ ಬೆಂಬಲ ಸೂಚಿಸಿದರು. ಎಡಪಕ್ಷಗಳೂ ಬೆಂಬಲಿಸಿದವು. ಒಡಿಶಾದ ಆಗಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಅವರು ಟ್ರಾಯ್‌ಗೆ ಪತ್ರ ಬರೆದು, ಬಡವರಿಗೆ ಏನು ಬೇಕೆಂದು ಬೇರೆಯವರು ನಿರ್ಧರಿಸಿದರೆ ಆರಿಸಿಕೊಳ್ಳುವ ಅವರ ಹಕ್ಕನ್ನೇ ಕಿತ್ತುಕೊಂಡಂತೆ ಎಂಬ ಅರ್ಥದ ಮಾತು ಹೇಳಿದರು. ಈ ವಿಷಯದಲ್ಲಿ ರಾಜಕಾರಣಿಯೊಬ್ಬರು ಆಡಿದ ಒಳ್ಳೆಯ ಮಾತು ಅದು ಎಂದು ನನಗನಿಸುತ್ತದೆ. ಆಗ ನಮ್ಮ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರೂ ಜಾಲ ಸಮಾನತೆಯ ಪರ ಗಟ್ಟಿಯಾಗಿ ಮಾತಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಐಐಟಿಗಳ ಪ್ರಾಧ್ಯಾಪಕರು ಸೇರಿ ಫ್ರೀ ಬೇಸಿಕ್ಸ್ ಬೇಡ ಎಂದು ಹೇಳಿಕೆ ಕೊಟ್ಟರು.

ಕೇಳಲು ಎಲ್ಲವೂ ಚೆನ್ನಾಗಿದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಅದೇ 2015ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಫೇಸ್‌ಬುಕ್ ಕಚೇರಿಗೆ ಹೋಗಿ ಅದರ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಜೊತೆ ವೇದಿಕೆ ಹಂಚಿಕೊಂಡರು. ಮುಂದೆ ಅವರದೇ ಸರ್ಕಾರದ ಅವಧಿಯಲ್ಲಿ ಅದೇ ಕಂಪನಿಯ ಯೋಜನೆಗೆ ತಡೆ ಬಿತ್ತು ಎನ್ನುವುದೂ ನಿಜ. ಜಾಲ ಸಮಾನತೆಯ ಮಾತಾಡುವ ಪಕ್ಷಗಳು ತಾವು ಅಧಿಕಾರದಲ್ಲಿರುವ ರಾಜ್ಯಗಳಲ್ಲಿ ಪರೀಕ್ಷೆಗೋ ಗಲಭೆಗೋ ಇಂಟರ್ನೆಟ್ಟನ್ನೇ ನಿಲ್ಲಿಸುವುದನ್ನು ನಾವು ನೋಡಿದ್ದೇವೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅನುರಾಧಾ ಭಸೀನ್ ಪ್ರಕರಣದಲ್ಲಿ, ಇಂಟರ್ನೆಟ್ ಮೂಲಕ ಮಾತಾಡುವ, ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ಅದನ್ನು ನಿಲ್ಲಿಸುವಂತಿಲ್ಲ ಎಂದು ಹೇಳಬೇಕಾಯಿತು. ಕಂಪನಿಯ ಕೈಯಲ್ಲಿ ಬೀಗ ಇರಬಾರದು ಎನ್ನುವ ನಾಯಕ, ತನ್ನ ಕೈಯಲ್ಲಿ ಬೀಗ ಇದ್ದಾಗ ಏನು ಮಾಡುತ್ತಾನೆ? ಅದನ್ನು ನೋಡಿ ಅವನನ್ನು ಅಳೆಯಬೇಕು.

ಅಮೆರಿಕದ ಕಥೆ ನಮಗೆ ಎಚ್ಚರಿಕೆ. 2014ರ ನವೆಂಬರಿನಲ್ಲಿ ಅಧ್ಯಕ್ಷ ಒಬಾಮ ಜಾಲ ಸಮಾನತೆಗೆ ಗಟ್ಟಿಯಾದ ನಿಯಮ ಬೇಕೆಂದರು. ಡೊನಾಲ್ಡ್ ಟ್ರಂಪ್ ಆಗಲೇ ಅದನ್ನು ವಿರೋಧಿಸಿದ್ದರು. 2015ರ ಫೆಬ್ರವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗ ಮೂರಕ್ಕೆ ಎರಡು ಮತಗಳಿಂದ ನಿಯಮ ತಂದಿತು. ಟ್ರಂಪ್ ಅಧ್ಯಕ್ಷರಾದರು, ಭಾರತೀಯ ಮೂಲದ ಅಜಿತ್ ಪೈ ಆಯೋಗದ ಮುಖ್ಯಸ್ಥರಾದರು. 2017ರ ಡಿಸೆಂಬರಿನಲ್ಲಿ ಮೂರಕ್ಕೆ ಎರಡು ಮತಗಳಿಂದ ಆ ನಿಯಮ ಹೋಯಿತು. ಬೈಡನ್ ಕಾಲದಲ್ಲಿ, 2024ರ ಏಪ್ರಿಲ್‌ನಲ್ಲಿ, ಮತ್ತೆ ಮೂರಕ್ಕೆ ಎರಡು ಮತಗಳಿಂದ ಬಂತು. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹತ್ತು ವರ್ಷದಲ್ಲಿ ಎರಡು ಸಲ ಬಂತು, ಎರಡು ಸಲ ಹೋಯಿತು. ಪ್ರತಿ ಸಲವೂ ಆಯೋಗ ಪಕ್ಷದ ಗೆರೆಯ ಮೇಲೆಯೇ ಸೀಳಿತು. ಕ್ಯಾಲಿಫೋರ್ನಿಯಾದಂಥ ರಾಜ್ಯ 2018ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿದ್ದರಿಂದ ಅಲ್ಲಿ ಉಳಿದುಕೊಂಡಿತು.

ನಮ್ಮಲ್ಲಿ ಹಾಗಾಗಲಿಲ್ಲ, ಯಾಕೆ? ನಮ್ಮಲ್ಲಿ ಇದು ಒಂದು ಪಕ್ಷದ ಬಾವುಟ ಆಗುವ ಮೊದಲೇ ಜನರ ಬೇಡಿಕೆ ಆಯಿತು. ಹತ್ತು ಲಕ್ಷ ಪತ್ರ ಹೋದ ಮೇಲೆ ಬೇಡ ಎನ್ನುವ ಧೈರ್ಯ ಯಾವ ನಾಯಕನಿಗೂ ಬರಲಿಲ್ಲ. ನಾಯಕರು ಮುಂದೆ ಹೋಗಿ ಜನರನ್ನು ಕರೆದದ್ದಲ್ಲ. ಜನ ಮುಂದೆ ಹೋದರು, ನಾಯಕರು ಹಿಂದೆ ಬಂದರು. ಆದರೆ ನಮ್ಮ ರಕ್ಷಣೆ ಇಂದಿಗೂ ನಿಂತಿರುವುದು ಟ್ರಾಯ್‌ನ ಒಂದು ನಿಯಮಾವಳಿ ಮತ್ತು ಲೈಸೆನ್ಸಿನ ಷರತ್ತಿನ ಮೇಲೆ. ನಿಯಮಾವಳಿ ಬದಲಾಯಿಸುವುದು ಕಾನೂನು ಬದಲಾಯಿಸಿದಷ್ಟು ಕಷ್ಟವಲ್ಲ. ಅದರಲ್ಲೂ ಕಿಂಡಿಗಳಿವೆ. ಇಂಟರ್ನೆಟ್ಟಿಗೆ ಸೇರದ, ಕಂಪನಿಯೊಳಗಿನ ಮುಚ್ಚಿದ ಜಾಲಗಳಿಗೆ 2016ರ ಆದೇಶ ಅನ್ವಯಿಸುವುದಿಲ್ಲ.

ಈಗ ಹೊಸ ಬೇಡಿಕೆ ಎದ್ದಿದೆ. ವಿಡಿಯೊ, ಮೆಸೇಜು ಸಾಗಿಸುವ ದೊಡ್ಡ ಕಂಪನಿಗಳು ನಮ್ಮ ಲೈನುಗಳ ಮೇಲೆ ಭಾರ ಹಾಕುತ್ತವೆ, ಅವು ನಮಗೆ ಪಾಲು ಕೊಡಬೇಕು ಎಂದು ಟೆಲಿಕಾಂ ಕಂಪನಿಗಳು ಕೇಳುತ್ತಿವೆ. ಲೈನು ಹಾಕಲು ದುಡ್ಡು ಬೇಕು ಎನ್ನುವುದು ಸುಳ್ಳಲ್ಲ, ಆ ಕಷ್ಟ ನನಗೆ ಗೊತ್ತು. ಆದರೆ ಆ ವಿಡಿಯೊ ತಾನಾಗಿ ಹರಿದು ಬರುವುದಿಲ್ಲ. ನೋಡುವವನು ಕೇಳಿದ್ದಕ್ಕೆ ಬರುತ್ತದೆ, ಅವನು ಆಗಲೇ ಡೇಟಾಕ್ಕೆ ದುಡ್ಡು ಕಟ್ಟಿದ್ದಾನೆ. ಒಂದೇ ದೋಣಿಗೆ ಎರಡು ದಡದಲ್ಲೂ ಬಾಡಿಗೆ ಕೇಳಿದಂತಾಯಿತು. ದಕ್ಷಿಣ ಕೊರಿಯಾದಲ್ಲಿ ಇಂಥ ಜಾಲಶುಲ್ಕದ ವ್ಯವಸ್ಥೆ ಇದೆ. ಟ್ವಿಚ್ ಎಂಬ ವಿಡಿಯೊ ಸೇವೆ ಆ ಶುಲ್ಕ ಭರಿಸಲಾಗದೆ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟು ಹೋಯಿತು. ದೊಡ್ಡವರೇ ಬಿಟ್ಟು ಹೋಗುವುದಾದರೆ ಸಣ್ಣವರ ಗತಿ? ಇಂದು ದೊಡ್ಡವರಿಂದ ಶುರುವಾದ ಸುಂಕ ನಾಳೆ ಮಠದ ಪ್ರವಚನಕ್ಕೆ, ಹಳ್ಳಿಯ ಶಾಲೆಯ ಪಾಠಕ್ಕೆ ಬರುವುದಿಲ್ಲ ಎನ್ನಲು ಏನು ಖಾತ್ರಿ?

ಕಳೆದ ವಾರ ಈ ವಿಷಯ ಹೇಳುತ್ತಿದ್ದಾಗ ನಮ್ಮ ಅಕ್ಕನ ಬಳಗದ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಅಣ್ಣಾರ, ನೀವು ಹೊಟ್ಟೆ ತುಂಬಿದವರು ಸಮಾನತೆ ಅಂತ ಮಾತಾಡ್ತೀರಿ. ಪಾಪ, ಕೂಲಿ ಮಾಡೋ ಹೆಣ್ಮಗಳಿಗೆ ಬಿಟ್ಟಿ ಸಿಗೋದನ್ನ ತಪ್ಪಿಸಿದಿರಲ್ಲ?" ನ್ಯಾಯವಾದ ಪ್ರಶ್ನೆ. ಮೊದಲ ಉತ್ತರ, ಟ್ರಾಯ್ ಬಿಟ್ಟಿ ಕೊಡುವುದನ್ನು ನಿಷೇಧಿಸಲಿಲ್ಲ. ಎಲ್ಲ ತಾಣಗಳಿಗೂ ಬಳಸಬಹುದಾದ ಬಿಟ್ಟಿ ಡೇಟಾ ಕೊಡಲು ಅಡ್ಡಿ ಇರಲಿಲ್ಲ. ಎರಡನೆಯದು, ಆ ಆದೇಶದ ಕೆಲವೇ ತಿಂಗಳಲ್ಲಿ, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಪೈಪೋಟಿಯಿಂದ ಒಂದು ಜಿಬಿಗೆ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಡೇಟಾ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಇಳಿದದ್ದು ಪೈಪೋಟಿಯಿಂದ, ಸಮಾನತೆಯ ನಿಯಮದಿಂದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಇಳಿದಾಗ ಆ ಹೆಣ್ಣುಮಗಳಿಗೆ ಸಿಕ್ಕದ್ದು ಆರಿಸಿಟ್ಟ ತುಣುಕಲ್ಲ, ಇಡೀ ಜಾಲ. ಮೂರನೆಯದು, ಇನ್ನೂ ಫೋನಿಲ್ಲದ, ಫೋನಿದ್ದರೂ ಗಂಡನ ಕೈಯಲ್ಲಿರುವ ಹೆಣ್ಣುಮಕ್ಕಳು ನಮ್ಮ ಊರಲ್ಲೇ ಇದ್ದಾರೆ. ಅವರ ಬಗ್ಗೆ ಆ ತಾಯಿ ಕೇಳಿದ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಕಂಪನಿಯಲ್ಲ, ನಾವು.

ನಮಗೇಕೆ ಇದು ಧರ್ಮದ ವಿಷಯ? ಬಸವಾದಿ ಶರಣರು ಇಷ್ಟಲಿಂಗವನ್ನು ಅಂಗೈಗೆ ಕೊಟ್ಟರು. ಗುಡಿಯ ಬಾಗಿಲು, ಬಾಗಿಲಲ್ಲಿ ಪೂಜಾರಿ, ಪೂಜಾರಿಯ ಕೈಗೆ ದಕ್ಷಿಣೆ, ಅದು ಸಲ್ಲದವನಿಗೆ ಹೊರಗೆ ನಿಲ್ಲುವ ಶಿಕ್ಷೆ, ಇವೆಲ್ಲವನ್ನೂ ಒಂದೇ ಏಟಿಗೆ ಕಳೆದರು. ಭಕ್ತನಿಗೂ ದೇವರಿಗೂ ನಡುವೆ ಮಧ್ಯವರ್ತಿ ಬೇಡ ಎಂದರು. ಅನುಭವ ಮಂಟಪದಲ್ಲಿ ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಎಲ್ಲರ ಮಾತಿಗೂ ಒಂದೇ ತೂಕ. ಅರಿವು ಯಾರಿಂದ ಬಂತು ಎಂದು ಬಾಗಿಲಲ್ಲಿ ಸುಂಕ ಕೇಳುವವರು ಇರಲಿಲ್ಲ. ಆಮೇಲೆ ಏನಾಯಿತು? ವಚನಗಳು ಶತಮಾನಗಳ ಕಾಲ ತಾಡೋಲೆಯ ಕಟ್ಟುಗಳಲ್ಲಿ, ಮನೆಗಳ ಜಗುಲಿಯ ಮೇಲೆ ಉಳಿದವು. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ತೆಗೆದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. ಮುಂದೆ ಅವರು ಬೇರೆಯವರ ಮುದ್ರಣಾಲಯವನ್ನೇ ನೆಚ್ಚಿಕೊಳ್ಳದೆ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅದಕ್ಕಾಗಿ ಮನೆಯನ್ನೇ ಮಾರಿದರು. ಸಾಗಿಸುವ ದಾರಿ ಮುಚ್ಚಿದರೆ ಒಳ್ಳೆಯ ಮಾತು ಕೂಡ ಜಗುಲಿಯ ಮೇಲೆಯೇ ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ಈಗ ಸ್ವಲ್ಪ ಕಹಿ ಮಾತು. ಪೂಜ್ಯರು ಕ್ಷಮಿಸಬೇಕು. ಜಾಲದಲ್ಲಿ ಸಮಾನತೆ ಕೇಳುವ ನಾವು ಜಾತ್ರೆಯ ದಾಸೋಹದಲ್ಲಿ ಗಣ್ಯರಿಗೆ ಬೇರೆ ಪಂಕ್ತಿ ಹಾಕುತ್ತೇವೆ. ದರ್ಶನಕ್ಕೆ ಶಾಸಕರು ಬಂದರೆ ಸಾಲು ನಿಲ್ಲಿಸುತ್ತೇವೆ. ಇದು ನಮ್ಮ ವೇಗದ ದಾರಿ, ನಿಧಾನದ ದಾರಿ. ಮಠದೊಳಗೆ ಇದನ್ನು ಇಟ್ಟುಕೊಂಡು ಟ್ರಾಯ್‌ಗೆ ಪತ್ರ ಬರೆದರೆ ಆ ಪತ್ರಕ್ಕೆ ತೂಕ ಬರುವುದಿಲ್ಲ.

ಇನ್ನೊಂದು. ನಮ್ಮ ಪ್ರವಚನ, ನಮ್ಮ ಗೋಷ್ಠಿ, ನಮ್ಮ ಫೋಟೊ ಎಲ್ಲವನ್ನೂ ಒಂದೆರಡು ಕಂಪನಿಗಳ ಆ್ಯಪಿನಲ್ಲಿ ಮಾತ್ರ ಹಾಕುತ್ತಿದ್ದೇವೆ. ನಾನು ಹೇಳಿದ ನಿಯಮಗಳು ಲೈನು ಕೊಡುವ ಕಂಪನಿಗೆ ಅನ್ವಯಿಸುತ್ತವೆ, ಈ ಆ್ಯಪುಗಳಿಗಲ್ಲ. ಅಲ್ಲಿ ಯಾವುದು ಮೇಲೆ ಕಾಣಬೇಕು, ಯಾವುದು ಕೆಳಗೆ ಹೋಗಬೇಕು ಎಂದು ಆ ಕಂಪನಿಯೇ ತೀರ್ಮಾನಿಸುತ್ತದೆ. ಆದ್ದರಿಂದ ಮಠಕ್ಕೆ ತನ್ನದೇ ಒಂದು ಸರಳ ಜಾಲತಾಣ ಇರಲಿ. ಈ ಪತ್ರಿಕೆಯ ಹಳೆಯ ಸಂಚಿಕೆಗಳು ಅಲ್ಲಿ ಓದಲು ಸಿಗಲಿ. ಹಳಕಟ್ಟಿಯವರು ಮುದ್ರಣಾಲಯ ಹಾಕಿದ ಹಾಗೆ. ಇವತ್ತು ಅದಕ್ಕೆ ಮನೆ ಮಾರಬೇಕಾಗಿಲ್ಲ. ಹಿಂದೆ ಕುಳಿತ ತರುಣರಲ್ಲಿ ಇಬ್ಬರು ಮನಸ್ಸು ಮಾಡಿದರೆ ಸಾಕು.

ಕೊನೆಗೆ, ಚುನಾವಣೆ ಬಂದಾಗ ಮತ ಕೇಳಲು ಎಲ್ಲ ಪಕ್ಷದವರೂ ಮಠಕ್ಕೆ ಬರುತ್ತಾರೆ. ಹಾರ ಹಾಕಿ ಕಳಿಸಬೇಡಿ. ಮೂರು ಪ್ರಶ್ನೆ ಕೇಳಿ. ಜಾಲ ಸಮಾನತೆಯನ್ನು ಸಂಸತ್ತಿನ ಕಾನೂನಾಗಿ ಮಾಡಲು ನಿಮ್ಮ ಪಕ್ಷ ಒಪ್ಪುತ್ತದೆಯೇ? ಜಾಲಕ್ಕೆ ಎರಡೂ ದಡದಲ್ಲಿ ಸುಂಕ ಹಾಕುವ ಬೇಡಿಕೆಯ ಬಗ್ಗೆ ನಿಮ್ಮ ನಿಲುವು ಏನು? ನೀವು ಅಧಿಕಾರಕ್ಕೆ ಬಂದರೆ ಯಾವ ಕಾರಣಕ್ಕೆ, ಎಷ್ಟು ಹೊತ್ತು ಇಂಟರ್ನೆಟ್ ನಿಲ್ಲಿಸುತ್ತೀರಿ, ಕಾರಣವನ್ನು ಬರೆದು ಪ್ರಕಟಿಸುತ್ತೀರಾ? ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಯಾವ ಪಕ್ಷ ಎಂದು ನೋಡದೆ ಎಲ್ಲರದ್ದನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಪುಟದಲ್ಲಿ ಹಾಕೋಣ. ಗೆದ್ದ ಮೇಲೆ ಅವರು ಏನು ಮಾಡಿದರು ಎಂದು ಆ ಪುಟ ತೆರೆದು ನೋಡೋಣ. ಟ್ರಾಯ್ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಈ ಗೋಷ್ಠಿಯಲ್ಲೇ ಕುಳಿತು ಓದಿ, ಚರ್ಚಿಸಿ, ನಮ್ಮ ಮಾತಿನಲ್ಲಿ ಬರೆಯೋಣ. ನನ್ನಂತೆ ಓದದೆ ಗುಂಡಿ ಒತ್ತುವುದು ಬೇಡ.

ನನ್ನ ಕಾಯಕದ ಮೂವತ್ತೈದು ವರ್ಷದಲ್ಲಿ ನಾನು ಜೋಡಿಸಿದ ಲೈನುಗಳಲ್ಲಿ ಯಾರು ಯಾರ ಜೊತೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಹೆರಿಗೆಯ ಸುದ್ದಿ ಹೋಗಿರಬಹುದು, ಸಾವಿನ ಸುದ್ದಿ ಹೋಗಿರಬಹುದು, ಜಗಳ ಹೋಗಿರಬಹುದು. ಲೈನು ನೆಟ್ಟಗಿತ್ತೇ ಎಂದಷ್ಟೇ ನಾವು ನೋಡುತ್ತಿದ್ದೆವು. ಅದರಲ್ಲಿ ನನಗೆ ತೃಪ್ತಿ ಇದೆ. ಮುಂದೆ ಆ ಕಾಯಕ ಮಾಡುವವರೂ ಹಾಗೆಯೇ ಇರಲಿ ಎಂದು ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ತಪ್ಪಿದ್ದರೆ ತಿದ್ದಿ.